ಇನ್ನೊಂದು ಗೇಣು ಹಿಂದಕ್ಕೆ

ನಮ್ಮಣ್ಣನದು ಮೈಕ್ ಸೆಟ್ ಬಾಡಿಗೆಗೆ ಕೊಡುವ ಕೆಲಸ. ಬೀದಿಯ ಮಕ್ಕಳಿಗೆಲ್ಲ ಅವನು ‘ಹಲೋ ಟೆಸ್ಟಿಂಗ್ ಮಾಮ’. ಸಭೆಗಳಲ್ಲಿ ವೇದಿಕೆಯ ಮೇಲೆ ಕೂತ ದೊಡ್ಡವರು ಪಿಸುಪಿಸು ಚಾಡಿ ಶುರುಮಾಡಿದರೆ ಇವನು ಬಗ್ಗಿಕೊಂಡು ಹೋಗಿ, “ಸಾರ್, ಮೈಕ್ ಆನ್ ಇದೆ” ಅನ್ನುತ್ತಿದ್ದ. ಮನೆಯಲ್ಲಿ ನಾವು ಜಗಳಕ್ಕೆ ನಿಂತರೂ ಅದೇ ಮಾತು. ಅತ್ತಿಗೆಗೆ ಎಷ್ಟೇ ಸಿಟ್ಟಿದ್ದರೂ ನಗು ಬಂದುಬಿಡುತ್ತಿತ್ತು.

ಅತ್ತಿಗೆ ಮನೆಯಲ್ಲೇ ಮಕ್ಕಳಿಗೆ ಪಿಟೀಲು ಹೇಳಿಕೊಡುತ್ತಿದ್ದರು. ಪಾಠ ಮುಗಿದು ಮಕ್ಕಳು ಹೋದ ಮೇಲೆ ತಮ್ಮ ಪಾಡಿಗೆ ತಾವು ನುಡಿಸಿಕೊಳ್ಳುವ ಒಂದು ಧಾಟಿಯಿತ್ತು, ತಾವೇ ಕಟ್ಟಿದ್ದು. ಬರೆದಿಟ್ಟಿರಲಿಲ್ಲ, ಯಾರಿಗೂ ಕಲಿಸಿರಲಿಲ್ಲ. ಕೇಳಿದರೆ “ಅದೇನು ಮಹಾ” ಅನ್ನುತ್ತಿದ್ದರು. ಎಡಗೈ ಬೆರಳುಗಳು ಸೋಲತೊಡಗಿದಾಗ ಡಾಕ್ಟರು, ಇದು ನರದ ಕಾಯಿಲೆ, ಹೋದ ಶಕ್ತಿ ವಾಪಸು ಬರುವುದಿಲ್ಲ ಅಂದರು. ಅವತ್ತು ಮನೆಗೆ ಬಂದವರೇ ಅತ್ತಿಗೆ ಅಣ್ಣನಿಗೆ, “ರೀ, ಊರವರ ಭಾಷಣಕ್ಕೆಲ್ಲ ಮೈಕ್ ಹಿಡಿದ್ರಿ. ಬೆರಳು ಆಡೋವಾಗ ನಂದೂ ಒಂದು ರೆಕಾರ್ಡ್ ಮಾಡಿ” ಅಂದರು.

ಅಣ್ಣ ಭಾಷಣದ ಮೈಕು ಮುಟ್ಟಲಿಲ್ಲ. ರೇಡಿಯೊದಲ್ಲಿದ್ದ ಗೆಳೆಯನಿಂದ ಉಸಿರಾಡಿದರೂ ಹಿಡಿಯುವಂಥ ನಾಜೂಕು ಮೈಕು ತಂದ. ಹತ್ತಿರ ಇಟ್ಟ, ಕಮಾನು ತಂತಿಗೆ ತಿಕ್ಕುವ ಗರಗರವೇ ಜಾಸ್ತಿ. ದೂರ ಇಟ್ಟ; ಬಾವಿಯೊಳಗೆ ಕೂತು ನುಡಿಸಿದ ಹಾಗಾಯಿತು. ಗೋಡೆಗೆ ರಜಾಯಿ ನೇತುಹಾಕಿದ. ಗುಂಯ್‌ಗುಡುತ್ತದೆ ಅಂತ ಫ್ರಿಜ್ಜು ಆರಿಸಿದ, ಹಾಲು ಒಡೆಯಿತು. ಕೊನೆಗೆ ಮೈಕನ್ನು ಅತ್ತಿಗೆಯ ತಲೆಗಿಂತ ಮೇಲಕ್ಕೆತ್ತಿ, ಪಿಟೀಲಿನ ಕಡೆ ಬಗ್ಗಿಸಿ, “ಇನ್ನೊಂದು ಗೇಣು ಹಿಂದಕ್ಕೆ” ಅನ್ನುತ್ತಾ ಕೈಯಲ್ಲೇ ಅಳೆಯುತ್ತಿದ್ದ. ಆ ಧಾಟಿ ನುಡಿಸಲು ಮಾತ್ರ ಬಿಡಲಿಲ್ಲ. “ಬೆರಳಿಗೆ ಸುಸ್ತಾಗುತ್ತೆ ಕಣೇ. ಸುಮ್ನೆ ಎರಡು ಸ್ವರ ಎಳಿ. ಮೈಕಿಗೆ ಸರಿಯಾದ ಜಾಗ ಸಿಗ್ಲಿ, ಆಮೇಲೆ ಅದು.”

“ಸಾಕು ಬಿಡ್ರೀ, ಚೆನ್ನಾಗೇ ಕೇಳಿಸ್ತಿದೆ.”

“ನಾಳೆ ಪಕ್ಕಾ.”

ಎಷ್ಟು ನಾಳೆಗಳೋ! ನನಗೆ ಮೈಯೆಲ್ಲ ಉರಿಯುತ್ತಿತ್ತು. “ಅಣ್ಣ, ನಿನ್ನ ಗೇಣಿಗೊಂದು ಕೊನೆ ಇದ್ಯಾ? ಹೆಂಗೋ ಒಂದ್ಸಲ ರೆಕಾರ್ಡ್ ಮಾಡ್ಬಿಡು!” ಅಂದೆ.

“ಹೆಂಗೋ ಮಾಡೋಕೆ ಅದೇನು ಭಾಷಣಾನಾ?” ಅಂತ ನನ್ನ ಮೇಲೇ ರೇಗಿದ.

ಒಂದು ಭಾನುವಾರ ಸಂಜೆ ಅಣ್ಣ ಪಕ್ಕದ ಬೀದಿಯಲ್ಲಿರುವ ನಮ್ಮ ಮನೆಗೆ ಬಂದ. ಚಪ್ಪಲಿಯನ್ನೂ ಬಿಡದೆ ಕುರ್ಚಿಯಲ್ಲಿ ಕುಸಿದ. “ಇವತ್ತು ಜಾಗ ಸಿಕ್ತು ಕಣೇ. ಆದ್ರೆ ಅವಳ ಬೆರಳು ತಂತಿ ಒತ್ತಲೇ ಇಲ್ಲ” ಅಂದ. ಬೈದು ಏನು ಬಂತು? ಆ ಧಾಟಿಯ ಮೊದಲ ಸಾಲನ್ನು ನಾನು ಇವತ್ತಿಗೂ ಗುನುಗಬಲ್ಲೆ. ಮುಂದಿನದು ನೆನಪಿಗೆ ಬರುವುದಿಲ್ಲ. ಅದು ಈಗ ಎಲ್ಲೂ ಇಲ್ಲ.

ಅವನು ಚೀಲದಿಂದ ರೆಕಾರ್ಡರು ತೆಗೆದು, ಅದರ ಹೆಡ್‌ಫೋನು ನನ್ನ ಕಿವಿಗಿಟ್ಟ. ಬೆರಳು ಒತ್ತಬೇಕಿಲ್ಲದ ಬರೀ ತಂತಿಗಳು, ಒಂದಾದ ಮೇಲೊಂದು, ನಾಲ್ಕೂ. ಬಲಗೈ ಇನ್ನೂ ಗಟ್ಟಿಯಿತ್ತಲ್ಲ, ಕಮಾನು ನಡುಗಿರಲಿಲ್ಲ. ಅತ್ತಿಗೆ ನನ್ನ ಪಕ್ಕದಲ್ಲೇ ಕೂತು ನುಡಿಸುತ್ತಿದ್ದಾರೆ ಅನ್ನಿಸಿತು. ನಿಜ ಹೇಳಬೇಕೆಂದರೆ, ಜಾಗ ಅಷ್ಟು ಸರಿಯಾಗಿತ್ತು.

ಆಮೇಲೆ ಅವರ ದನಿ: “ಇಷ್ಟೇ ರೀ ನನ್ನ ಕೈಲಾಗೋದು. ಆಫ್ ಮಾಡಿ.”

ಅಣ್ಣ ಆಫ್ ಮಾಡಿರಲಿಲ್ಲ. ಆಮೇಲೆ ಯಾರೋ ಮೂಗೆಳೆದುಕೊಂಡ ಸದ್ದು, ಕುರ್ಚಿ ಸರಿದ ಸದ್ದು. ಮತ್ತೆ ಅತ್ತಿಗೆ, ತೀರಾ ಮೆಲ್ಲಗೆ:

“ಅಳಬೇಡ್ರೀ. ಮೈಕ್ ಆನ್ ಇದೆ.”