ಉಪ್ಪಿಲ್ಲದ ಸಾರು

ಕಾಯುವುದು ನನ್ನ ಜಾಯಮಾನಕ್ಕೆ ಒಗ್ಗದ ಕೆಲಸ. ಕುಕ್ಕರ್ ಮೂರನೇ ಸಲ ಕೂಗುವ ಮೊದಲೇ ತಟ್ಟೆ ಹಿಡಿದು ಕೂರುತ್ತೀರಿ ಎಂದು ಹೆಂಡತಿ ಈಗಲೂ ರೇಗಿಸುತ್ತಾಳೆ. ಅಂಥವನ ಕೈಗೆ, ಅವಸರ ಮಾಡಿದರೆ ಕೈತಪ್ಪಿ ಹೋಗುವಂಥ ರೋಗಿಯೊಬ್ಬರು ಸಿಕ್ಕಿದರು.

ಹಾಸನದಲ್ಲಿ ನಾನು ಡಾಕ್ಟರಾಗಿ ಕೆಲಸ ಮಾಡುವ ಸಣ್ಣ ನರ್ಸಿಂಗ್ ಹೋಮಿಗೆ ಒಂದು ಬೆಳಿಗ್ಗೆ ಶಾಂತಿಗ್ರಾಮದ ಕಡೆಯ ರೈತರೊಬ್ಬರು ಹೆಂಡತಿಯನ್ನು ಆಟೋದಲ್ಲಿ ಕರೆತಂದರು. ಆಕೆಗೆ ಅರವತ್ತರ ಆಸುಪಾಸು. ಎರಡು ದಿನದಿಂದ ಮಾತು ತೊದಲುತ್ತಿತ್ತು. ಹಿಂದಿನ ದಿನ ಬಕೆಟ್ಟಿಲ್ಲದೆ ಹಸುವಿನ ಪಕ್ಕ ಕೂತು ಹಾಲನ್ನು ನೆಲಕ್ಕೇ ಕರೆದರಂತೆ. ಸೊಸೆಯನ್ನು ನೋಡಿ, ಯಾರಮ್ಮ ನೀನು ಎಂದರಂತೆ.

“ಲಕ್ವ ಒಡ್ದದೆ ಅಂತಾವ್ರೆ ಸಾ, ಊರ್ನಾಗೆ,” ಎಂದರು ಗಂಡ.

ಎರಡೂ ಕಡೆಯ ಕೈಕಾಲುಗಳಲ್ಲಿ ಶಕ್ತಿ ಸಮವಾಗಿತ್ತು. ತಲೆಯ ಸ್ಕ್ಯಾನ್‌ನಲ್ಲಿ ಏನೂ ಕಾಣಲಿಲ್ಲ. ಮಧ್ಯಾಹ್ನ ರಕ್ತದ ವರದಿ ಬಂತು: ಸೋಡಿಯಂ ನೂರ ಎಂಟು. ನೂರ ಮೂವತ್ತೈದಾದರೂ ಇರಬೇಕಿತ್ತು. ರಕ್ತದಲ್ಲಿ ಉಪ್ಪಿನಂಶ ಹೀಗೆ ಇಳಿದರೆ ಮೆದುಳು ನೀರೆಳೆದುಕೊಂಡು ಊದುತ್ತದೆ. ಫಿಟ್ಸ್ ಬರಬಹುದು, ಉಸಿರೂ ನಿಲ್ಲಬಹುದು. ವಾಂತಿಯಿಲ್ಲ, ಭೇದಿಯಿಲ್ಲ. ಹಾಗಾದರೆ ಉಪ್ಪು ಹೋದದ್ದೆಲ್ಲಿಗೆ?

ಅಷ್ಟರಲ್ಲಿ ಸೊಸೆ ಮಾವನಿಗೆಂದು ಊಟದ ಕ್ಯಾರಿಯರ್ ತಂದಳು. ಏನನ್ನಿಸಿತೋ, ಒಂದು ಚಮಚ ಸಾರು ಕೇಳಿ ಬಾಯಿಗೆ ಹಾಕಿಕೊಂಡೆ. ಖಾರವಿತ್ತು, ಹುಳಿಯಿತ್ತು. ಉಪ್ಪು ಒಂದು ಹರಳೂ ಇರಲಿಲ್ಲ.

“ಅತ್ತೆಗೆ ಡಾಕ್ಟ್ರು ಬುಡ್ಸವ್ರೆ ಸಾ. ಅವ್ರೊಬ್ರಿಗೇ ಬ್ಯಾರೆ ಮಾಡಾದು ಸರಿ ಅನ್ಸನಿಲ್ಲ, ಮನೇರೆಲ್ಲಾ ಬುಟ್ಬುಟ್ಟೊ.”

ಗಂಡ ತಲೆ ತಗ್ಗಿಸಿದರು. “ನಾನು ಡೈರಿ ತಾವ ಬೋಂಡ ತಿಂತಿದ್ದೆ ಸಾ, ಕದ್ದು. ಅವ್ಳು ಮಾತ್ರ ಮುಟ್ನಿಲ್ಲ.”

“ಯಾವ ಡಾಕ್ಟ್ರಮ್ಮ ಹಿಂಗೆ ಹೇಳಿದ್ದು?” ನನ್ನ ದನಿ ಏರಿತ್ತು.

ಸೊಸೆ ಪ್ಲಾಸ್ಟಿಕ್ ಕವರಿನಿಂದ ಚೀಟಿ ತೆಗೆದಳು. “ನೀವೇ ಅಲ್ವಾ ಸಾ. ಅದ್ಕೇ ನಿಮ್ ತಾವೇ ಕರ್ಕಂಡ್ ಬಂದೊ.”

ಚನ್ನರಾಯಪಟ್ಟಣದಲ್ಲಿ ನಾನು ಶನಿವಾರ ಕೂರುವ ಕ್ಲಿನಿಕ್ಕಿನ ಚೀಟಿ. ಮೂರು ತಿಂಗಳ ಹಿಂದಿನದು. ಮೂತ್ರದ ಜೊತೆ ಉಪ್ಪನ್ನೂ ಹೊರಹಾಕುವ ಬೀಪಿ ಮಾತ್ರೆ, ಅದರ ಕೆಳಗೆ ನನ್ನದೇ ಅಕ್ಷರದಲ್ಲಿ: ಉಪ್ಪು ಬಿಡಿ, ನೀರು ಚೆನ್ನಾಗಿ ಕುಡಿಯಿರಿ. ಎರಡು ಗೆರೆ ಬೇರೆ ಎಳೆದಿದ್ದೆ. ಅಂದು ಹೊರಗೆ ಸಾಲು ಉದ್ದವಿತ್ತು, ನನಗೆ ಅವಸರವಿತ್ತು. ನಾಚಿಕೆಯಿಂದ ಮುಖ ಬಿಸಿಯಾಯಿತು.

ಮಾತ್ರೆ ನಿಲ್ಲಿಸಿದೆ, ಉಳಿದ ಉಪ್ಪೂ ತೆಳುವಾಗದಂತೆ ಕುಡಿಯುವ ನೀರಿಗೆ ಮಿತಿ ಹಾಕಿದೆ, ಗಟ್ಟಿ ಉಪ್ಪುನೀರಿನ ಡ್ರಿಪ್ ಹಚ್ಚಿದೆ. ಅದನ್ನು ಅಳೆದು ಅಳೆದು ಕೊಡಬೇಕು. ಸೋಡಿಯಂ ಒಮ್ಮೆಲೇ ಏರಿದರೆ ಮೆದುಳು ಶಾಶ್ವತವಾಗಿ ಕೆಡುತ್ತದೆ. ಕೂರಲಾಗಲಿಲ್ಲ, ನಿಲ್ಲಲಾಗಲಿಲ್ಲ. ವಾರ್ಡಿನಿಂದ ಲ್ಯಾಬಿಗೆ, ಲ್ಯಾಬಿನಿಂದ ವಾರ್ಡಿಗೆ ಅಲೆದೆ. ನೂರ ಹತ್ತು. ಮತ್ತೆ ರಕ್ತ ತೆಗೆಸಿದೆ, ನೂರ ಹನ್ನೆರಡು. ಡ್ರಿಪ್ ಸ್ವಲ್ಪ ಜೋರು ಮಾಡೋಣವೆಂದು ಎರಡು ಸಲ ಕೈ ಮುಂದಾಯಿತು, ಎರಡು ಸಲವೂ ಹಿಂದಕ್ಕೆಳೆದುಕೊಂಡೆ. “ಸಾರ್, ನೀವು ಕೂತ್ಕೊಂಡ್ರೆ ನಾವೂ ನೆಮ್ಮದಿಯಾಗಿ ಕೆಲ್ಸ ಮಾಡ್ತೀವಿ,” ಎಂದರು ಸಿಸ್ಟರ್. ನನಗೆ ಭಯವಾಗಿತ್ತು. ಈಕೆ ಇನ್ನೆಂದೂ ತನ್ನ ಸೊಸೆಯನ್ನು ಗುರುತಿಸದಿದ್ದರೆ?

ಮೂರನೆಯ ದಿನ ಬೆಳಿಗ್ಗೆ ಹೋದಾಗ ಆಕೆ ಎದ್ದು ಕೂತು, ತಲೆ ಸರಿಯಾಗಿ ಬಾಚಿಲ್ಲವೆಂದು ಸೊಸೆಯನ್ನು ಗದರುತ್ತಿದ್ದರು. ನನ್ನನ್ನು ಕಂಡು ಮುಖ ಅರಳಿತು.

“ನೀವ್ ಯೋಳ್ದಂಗೇ ಒಂದ್ ಅರಳು ಉಪ್ಪೂ ಮುಟ್ಟಿಲ್ಲ ಕಣ್ ಸಾ.”

“ತಪ್ಪು ನಂದು ಕಣಮ್ಮ,” ಎಂದೆ. “ಕಡಿಮೆ ಮಾಡಿ ಅನ್ನಬೇಕಿತ್ತು. ಬಿಡಿ ಅಂತ ಬರೆದೆ. ಆ ಮಾತ್ರೆ ಕೊಟ್ಟು ರಕ್ತಾನೂ ನೋಡಲಿಲ್ಲ.”

“ಅಂಗಾರೆ ಎಷ್ಟ್ ಆಕ್ಬೇಕು ಸರಿಯಾಗ್ ಯೋಳ್ಬುಡಿ. ಅಷ್ಟೇ ಆಕ್ತೀನಿ.”

ಪೆನ್ನು ತೆಗೆದೆ, ಬರೆಯಲು ಧೈರ್ಯ ಬರಲಿಲ್ಲ. ಕ್ಯಾಂಟೀನಿನಿಂದ ಉಪ್ಪು ತರಿಸಿ, ಚಮಚದಲ್ಲಿ ಒಂದು ದಿನದ ಅಳತೆ ತೆಗೆದು ಅವರ ಅಂಗೈಗೆ ಹಾಕಲು ಹೋದೆ. ಅವರು ಥಟ್ಟನೆ ಕೈ ಹಿಂದಕ್ಕೆಳೆದುಕೊಂಡರು.

“ಉಪ್ಪ ಕೈಗ್ ಕೊಡ್ಬಾರ್ದು ಸಾ, ಜಗ್ಳಾಯ್ತದೆ. ಕೆಳಗಿಡಿ.”

“ಆಗಲಿ ಬಿಡೀಮ್ಮ. ಮುಂದಿನ ಸಲ ನಾನು ಏನಾದ್ರೂ ಹೇಳಿದ್ರೆ ನೀವು ಜಗಳ ಆಡಲೇಬೇಕು.”

ಅವರು ಸೊಸೆಯ ಮುಖ ನೋಡಿದರು, ಗಂಡನ ಮುಖ ನೋಡಿದರು. ಆಮೇಲೆ ಅಂಗೈ ಚಾಚಿದರು.