ಫ್ಯಾನುಗಳು ಬರುವ ಮುಂಚಿನ ಬೆಟ್ಟ

ಕೊರೊನಾದ ಮೊದಲ ವರ್ಷ ಮಾವನವರು ನಮ್ಮಲ್ಲಿಗೆ ಬಂದು ಸಿಕ್ಕಿಹಾಕಿಕೊಂಡರು. ಗದಗಿನಿಂದ ಅಮೆರಿಕದ ಅಲ್ಫರೆಟಾಗೆ ಬೇಸಿಗೆ ಮುಗಿಸಿ ಹೋಗೋಣವೆಂದು ಬಂದವರು, ವಿಮಾನಗಳು ನಿಂತು ಇಲ್ಲೇ ಉಳಿದರು. ಹತ್ತಿ ಗಿರಣಿಯಲ್ಲಿ ಮ್ಯಾನೇಜರಾಗಿದ್ದವರಿಗೆ ವಯಸ್ಸಾದಂತೆ ಕಿವಿ ಮಂದವಾಗಿತ್ತು. ಕಿವಿಯ ಮಶೀನೇನೋ ಇತ್ತು. ಆದರೆ ಅದನ್ನು ಹಾಕಿಕೊಂಡರೆ ಏಸಿ, ಡಿಶ್‌ವಾಶರ್, ನನ್ನ ಮತ್ತು ಗಂಡನ ಆಫೀಸಿನ ಕಾಲ್‌ಗಳು ಎಲ್ಲವೂ ಒಟ್ಟಿಗೆ ತಲೆಯೊಳಗೆ ನುಗ್ಗುತ್ತಿದ್ದವು. ತೆಗೆದು ಜೇಬಿನಲ್ಲಿಟ್ಟುಕೊಂಡು, ಯಾರು ಏನಂದರೂ ನಗುತ್ತ ಕೂತುಬಿಡುತ್ತಿದ್ದರು. ನನ್ನ ಮಗಳಿಗೆ ಆಗ ಎಂಟು ವರ್ಷ. ಅವಳ ಇಂಗ್ಲಿಷ್ ಧಾಟಿಯ ಕನ್ನಡವಂತೂ ಅವರಿಗೆ ಒಂದಕ್ಷರವೂ ತಿಳಿಯುತ್ತಿರಲಿಲ್ಲ.

ಮನೆಯೊಳಗೇ ಇದ್ದು ಬೇಸತ್ತು, ಎಲೆ ಕೆಂಪಾಗುವ ಹೊತ್ತಿಗೆ ನಾರ್ತ್ ಕೆರೊಲಿನಾದ ಬೆಟ್ಟದಲ್ಲಿ ಒಂದು ಮರದ ಮನೆಯನ್ನು ವಾರದ ಮಟ್ಟಿಗೆ ಬಾಡಿಗೆಗೆ ಹಿಡಿದೆವು. ಅದರ ಒಡತಿ ಇಳಿಜಾರಿನ ಕೆಳಗಿನ ಮನೆಯಲ್ಲಿ ಒಬ್ಬರೇ ಇದ್ದರು, ಎಪ್ಪತ್ತು ದಾಟಿದ ವಿಧವೆ. ಮೊದಲ ಬೆಳಿಗ್ಗೆ ನಾನು ಕಾಫಿ ತೆಗೆದುಕೊಂಡು ಹೊರಗಿನ ಮರದ ಜಗಲಿಗೆ, ಡೆಕ್‌ಗೆ, ಹೋದಾಗ ಮಾವನವರು ಮಶೀನು ಹಾಕಿಕೊಂಡು ಕೂತಿದ್ದರು.

"ಕೆಳಗ ನೀರು ಹರಿಯೂದು ಕೇಳಸ್ಲಿಕತ್ತದ ನೋಡವಾ" ಎಂದರು. ನಿಜಕ್ಕೂ ಕೆಳಗೊಂದು ತೊರೆಯಿತ್ತು. ನಾನದನ್ನು ಗಮನಿಸಿಯೇ ಇರಲಿಲ್ಲ.

ಅಷ್ಟರಲ್ಲಿ ಮಗಳು ಬಂದು ಪಕ್ಕದಲ್ಲಿ ಕೂತಳು. "ಅಜ್ಜಾ, ನೀವು ಸ್ಕೂಲ್‌ಗೆ ಬಸ್‌ನಲ್ಲಿ ಹೋದ್ರಾ?"

"ಬಸ್ ಎಲ್ಲೀದು! ಎಮ್ಮಿ ಮ್ಯಾಲೆ ಕೂತು ಹೋಗ್ತಿದ್ವಿ."

"ಫಾರ್ ರಿಯಲ್?"

"ರಿಯಲ್ ಅಂದ್ರ ರಿಯಲ್."

ಶಾಲೆ ಅವರ ಮನೆಯ ಎದುರಿಗೇ ಇತ್ತೆಂದು ನನಗೆ ಗೊತ್ತಿತ್ತು. ಆದರೆ ಅವಳು ಕೇಳಿದ್ದು ಅವರಿಗೆ ಕೇಳಿಸಿತ್ತು, ಅದೇ ಸಾಕಾಗಿತ್ತು. ಆ ವಾರವೆಲ್ಲ ಇಬ್ಬರೂ ಬಿಟ್ಟೂಬಿಡದೆ ಮಾತಾಡಿದರು. ಒಳಗೆ ಲ್ಯಾಪ್‌ಟಾಪ್ ಮುಂದೆ ಕೂತಿದ್ದ ನನ್ನ ಗಂಡ ಕೆಲಸ ಬಿಟ್ಟು ಅಪ್ಪನ ಕತೆಗಳಿಗೆ ಕಿವಿಗೊಟ್ಟಿರುತ್ತಿದ್ದರು. "ಇದನ್ನೆಲ್ಲ ನಂಗೂ ಹೇಳಿಲ್ಲ" ಎಂದರು ಒಮ್ಮೆ, ಸ್ವಲ್ಪ ಹೊಟ್ಟೆಕಿಚ್ಚಿನಿಂದಲೇ.

ಆಮೇಲೆ ಮಾವನವರು ಅಮೆರಿಕಕ್ಕೆ ಬಂದಾಗಲೆಲ್ಲ ಆ ಬೆಟ್ಟಕ್ಕೆ ಹೋಗುವುದು ರೂಢಿಯಾಯಿತು. ಒಡತಿ ಸೇಬಿನ ಜಾಮ್ ತಂದುಕೊಡುತ್ತಿದ್ದರು. ನಾನು ಕೊಟ್ಟ ಶೇಂಗಾ ಚಟ್ನಿಪುಡಿಯನ್ನು ಬೇಯಿಸಿದ ಮೊಟ್ಟೆಗೆ ಉದುರಿಸಿಕೊಂಡು ತಿನ್ನುತ್ತಿದ್ದರು. ಸಂಜೆ ಅವರೂ ಮಾವನವರೂ ಅಕ್ಕಪಕ್ಕ ಕೂತು, ಒಂದೊಂದು ಹಕ್ಕಿ ಕೂಗಿದಾಗಲೂ ಮುಖ ಮುಖ ನೋಡಿಕೊಂಡು ತಲೆಯಾಡಿಸುತ್ತಿದ್ದರು.

ಹಾಗೇ ಒಂದು ಸಲ ಹೋಗಿ ಕಾರಿನಿಂದಿಳಿದಾಗ ಗಂಡ ನನ್ನನ್ನು ಕೇಳಿದರು: "ಇಂಜಿನ್ ಆಫ್ ಮಾಡಿದ್ಯಾ?" ಮಾಡಿದ್ದೆ. ಆದರೂ ಗುಂಯ್ ಎನ್ನುವ ಸದ್ದು ನಿಂತಿರಲಿಲ್ಲ. ಅದು ಇಡೀ ಕಣಿವೆಯಿಂದ ಬರುತ್ತಿತ್ತು.

ಒಡತಿಯೇ ವಿವರಿಸಿದರು. ಕೆಳಗಿನ ರಸ್ತೆಯ ಬದಿ, ವಿದ್ಯುತ್ ಸಬ್‌ಸ್ಟೇಷನ್ ಪಕ್ಕದಲ್ಲಿ ಸಾಲಾಗಿ ಕಂಟೇನರ್‌ಗಳನ್ನು ತಂದಿಟ್ಟಿದ್ದರು. ಒಳಗೆ ತುಂಬ ಕಂಪ್ಯೂಟರ್‌ಗಳು, ಕ್ರಿಪ್ಟೊ ಹಣಕ್ಕಾಗಿ ಹಗಲೂ ರಾತ್ರಿ ಲೆಕ್ಕ ಮಾಡುವಂಥವು. ಅವು ಕಾಯದಂತೆ ಗೋಡೆ ತುಂಬ ಫ್ಯಾನುಗಳು. ಚಳಿಗಾಲದಲ್ಲಿ ಎಲೆಯುದುರಿದರೆ ಸದ್ದು ಇನ್ನೂ ಜೋರಂತೆ. ಅವರ ಸೂರಿನಡಿ ಪ್ರತಿ ವರ್ಷ ಗೂಡು ಕಟ್ಟುತ್ತಿದ್ದ ಹಕ್ಕಿಗಳು ಆ ವರ್ಷ ಬಂದಿರಲಿಲ್ಲ.

ಮಾವನವರು ಡೆಕ್‌ಗೆ ಹೋಗಿ ಮಶೀನು ಹಾಕಿಕೊಂಡರು. ಮುಖ ಹಿಂಡಿದಂತಾಯಿತು. ತೆಗೆದು ಮಗನನ್ನು ಕೇಳಿದರು: "ಯಾವ ಗಿರಣಿ ಅದು? ಏನು ತಯಾರಾಗ್ತದ?"

ಗಂಡ ಕಿವಿಯ ಹತ್ತಿರ ಬಾಗಿ ಕೂಗಿದರು: "ರೊಕ್ಕ, ಅಪ್ಪಾ! ಕಂಪ್ಯೂಟರಿನಾಗಿನ ರೊಕ್ಕ!"

"ಇಷ್ಟು ಕರೆಂಟ್ ಸುಟ್ಟು?" ಎಂದು ಮಶೀನನ್ನು ಜೇಬಿಗೆ ಹಾಕಿಕೊಂಡರು. ಆಮೇಲೆ, "ನಮ್ಮ ಗಿರಣಿ ಸಂಜೀಕ ಬಂದ್ ಆಗ್ತಿತ್ತು" ಎಂದರು. ಮಗಳು ಏನೋ ಕೇಳಿದಳು. ಅವರು ನಕ್ಕರು, ಅಲ್ಫರೆಟಾದಲ್ಲಿ ನಗುತ್ತಿದ್ದ ಹಾಗೆ. ಅವಳು ಎದ್ದು ಒಳಗೆ ಹೋದಳು.

ಅದೇ ವಾರ ಈ ಸದ್ದಿನ ಬಗ್ಗೆ ಕೌಂಟಿಯ, ಅಂದರೆ ಅಲ್ಲಿಯ ಜಿಲ್ಲಾಡಳಿತದ, ಸಭೆಯಿತ್ತು. ಒಡತಿಯನ್ನು ನಾನೇ ಡ್ರೈವ್ ಮಾಡಿಕೊಂಡು ಕರೆದೊಯ್ದೆ. ಸಭೆಯಲ್ಲಿ ಕೆಲವರು ಸಿಟ್ಟಿನಿಂದ ಕೂಗಾಡಿದರು. ಒಡತಿ ಕೂಗಲಿಲ್ಲ. "ನಿಮ್ಮಲ್ಲಿ ಯಾರಾದರೂ ನಮ್ಮ ಮನೆಗೆ ಬನ್ನಿ. ಕಾಫಿ ಕೊಡುತ್ತೇನೆ. ಹೊರಗೆ ಕೂತು ಕುಡಿದು ಮುಗಿಸಿ, ಅಷ್ಟೇ" ಎಂದರು. ಇಬ್ಬರು ಸದಸ್ಯರು ನಿಜಕ್ಕೂ ಬಂದರಂತೆ. ಮುಂದೆ ಅಂಥವು ಹೊಸದಾಗಿ ಬರಕೂಡದೆಂದು ನಿಯಮವಾಯಿತು. ಆದರೆ ಮೊದಲೇ ಬಂದು ಕೂತಿದ್ದನ್ನು ಏಳಿಸಲಾಗಲಿಲ್ಲ. ಸುತ್ತ ಒಂದು ಗೋಡೆ ಎಬ್ಬಿಸಿದರು. ರಸ್ತೆ ಬದಿಯವರಿಗೆ ಕೊಂಚ ಸುಧಾರಿಸಿತು. ಬೆಟ್ಟದ ಮೇಲಿನವರಿಗೆ ಏನೂ ಕಡಿಮೆಯಾಗಲಿಲ್ಲ. ಬಾಡಿಗೆಗೆ ಜನ ಬರುವುದು ನಿಂತಿತು. ಒಡತಿ ಎರಡೂ ಮನೆ ಮಾರಿ ಸೌತ್ ಕೆರೊಲಿನಾದ ಮಗಳ ಮನೆ ಸೇರಿದರು. ಮಾವನವರೂ ಇನ್ನು ಅಷ್ಟು ದೂರದ ಪ್ರಯಾಣ ಆಗದೆಂದು ಗದಗಿನಲ್ಲೇ ನಿಂತರು.

ಕಳೆದ ಶರತ್ಕಾಲದಲ್ಲಿ ಬೇರೆಲ್ಲಿಗೋ ಹೋಗುವಾಗ ಅದೇ ರಸ್ತೆ ಸಿಕ್ಕಿತು. ಮಗಳು ಕಿಟಕಿ ಇಳಿಸಿದಳು. ಸದ್ದು ಹಾಗೇ ಇತ್ತು. ಮೇಲೆ ಮರಗಳ ನಡುವೆ ಡೆಕ್‌ನ ಒಂದು ತುದಿ ಕಂಡಿತು. ಅದು ಮರೆಯಾಗುವವರೆಗೂ ಕತ್ತು ತಿರುಗಿಸಿ ನೋಡಿ, ಆಮೇಲೆ ಫೋನ್ ತೆಗೆದು ಗದಗಿಗೆ ಕಾಲ್ ಮಾಡಿದಳು.

"ಯಾರು? ಜೋರ ಮಾತಾಡ್ರಿ, ಕೇಳಸ್ವಲ್ದು" ಎಂದರು ಮಾವನವರು.

"ಅಜ್ಜಾ, ನಾನು!" ಎಂದು ಮಗಳು ಕಾರು ತುಂಬುವಂತೆ ಕೂಗಿದಳು. "ನಾನು, ಅಜ್ಜಾ!"