ಗುಡಿಯ ಮೇಲಿನ ಅರಳಿಮರ

ಡ್ರಾಯಿಂಗ್ ಮಾಸ್ತರರ ಬಲಗೈಯ ಉಗುರುಗಳು ಆಸಿಡ್ ತಿಂದು ಹಳದಿಯಾಗಿದ್ದವು. ಸವದತ್ತಿಯ ಹೈಸ್ಕೂಲಿನಲ್ಲಿ ನನಗೆ ಚಿತ್ರ ಬರೆಯುವುದನ್ನೂ ಉಳಿ ಹಿಡಿಯುವುದನ್ನೂ ಕಲಿಸಿದವರು ಅವರು. ಸತುವಿನ ತಗಡಿಗೆ ಮೇಣ ಸವರಿ, ಸೂಜಿಯಿಂದ ಗೀರಿ, ಆಸಿಡ್‌ನಲ್ಲಿ ಅದ್ದಿ ಚಿತ್ರದ ಅಚ್ಚು ತೆಗೆಯುತ್ತಿದ್ದರು. ಹೀಗೆಯೇ ಮುನ್ನೂರು ವರ್ಷಗಳ ಹಿಂದೆ ಯುರೋಪಿನವರು ಮಾಡಿದ ಚಿತ್ರಗಳ ಪುಸ್ತಕವೊಂದು ಅವರ ಬಳಿ ಇತ್ತು. ಮುರಿದ ಕಮಾನು, ಅದರ ಮೇಲೆ ಬೆಳೆದ ಮರ, ಕೆಳಗೆ ಇರುವೆಯಂಥ ಜನ. "ಮನಶ್ಯಾ ಎಷ್ಟ ಸಣ್ಣಾಂವ ಅದಾನ ನೋಡಲೇ. ಬರದಾಂವಗ ಅದು ಗೊತ್ತಿತ್ತು" ಎನ್ನುತ್ತಿದ್ದರು.

ಹತ್ತಿರದ ಹೂಲಿ ಊರಿನ ಕಡೆಯ ಪಾಳುಗುಡಿಯೊಂದನ್ನು ಅವರು ಹಾಗೆಯೇ ಗೀರಿದ್ದರು. ಶಿಖರದ ಮೇಲೆ ಅರಳಿಮರ, ಕಲ್ಲುಗಳನ್ನು ತಬ್ಬಿದ ಬೇರು.

ಎಪ್ಪತ್ತರ ದಶಕದ ಕೊನೆಗೆ ಆ ಗುಡಿಯ ಜೀರ್ಣೋದ್ಧಾರಕ್ಕೆ ಕಮಿಟಿಯಾಯಿತು. ಕರಪತ್ರಕ್ಕೆ ಮಾಸ್ತರರ ಚಿತ್ರವನ್ನೇ ಆರಿಸಿದರು. ನಾನಾಗ ಬೈಲಹೊಂಗಲದ ಛಾಪಖಾನೆಯೊಂದರಲ್ಲಿದ್ದೆ. ಕಮಿಟಿಯ ಅಧ್ಯಕ್ಷರು ಪ್ರೂಫ್ ನೋಡಿ ಮುಖ ಸಿಂಡರಿಸಿದರು. "ದೇವರ ತಲಿಮ್ಯಾಗ ಗಿಡಾ ಏನ್ ಚಂದಪಾ? ತಗದಬಿಡು. ಮಂದೀನೂ ಒಂದೀಟ ದೊಡ್ಡದ ಮಾಡು, ನಾವೂ ಅದರಾಗ ಅದೇವಲ್ಲ."

ಮಂದಿಯನ್ನು ದೊಡ್ಡದು ಮಾಡಲು ನನಗೆ ಬರುತ್ತಿರಲಿಲ್ಲ. ಮರ ತೆಗೆಯಲು ಬರುತ್ತಿತ್ತು. ಮಾಸ್ತರರಿಗೆ ಒಂದು ಮಾತು ಹೇಳದೆ ಛಾಪಿಸಲು ಮಾಡಿಸಿದ್ದ ಚಿತ್ರದ ಬ್ಲಾಕಿನ ಮೇಲೆ ಉಳಿ ಆಡಿಸಿದೆ. ಕೆಳಗಿನ ಅವರ ಸಹಿಯನ್ನು ಮಾತ್ರ ಮುಟ್ಟಲಿಲ್ಲ.

ಮರಕ್ಕೆ ಕೊಡಲಿ ಬಂದ ದಿನ ಮಾಸ್ತರರು ಸೈಕಲ್ ತುಳಿದುಕೊಂಡು ಹೋಗಿ ಅಡ್ಡ ನಿಂತರಂತೆ. "ಮೊದಲ ಗುಡಿ ಒಡದಿದ್ದೂ ಇದ ಗಿಡಾನ ಖರೆ. ಈಗ ಹಿಡಕೊಂಡ ನಿಂತದ್ದೂ ಇದ. ಕಡದರ ಗುಡಿ ಉಳಿಯೂದಿಲ್ರಿ."

ಅಧ್ಯಕ್ಷರು ಕರಪತ್ರವನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದರು. "ನೀವ ಬರದ ಚಿತ್ರದಾಗ ಗಿಡಾ ಎಲ್ಲೈತ್ರಿ ಮಾಸ್ತರ?"

ಮಂದಿ ನಕ್ಕರು. ಮರ ಉರುಳಿತು. ಮುಂದಿನ ಮಳೆಗಾಲಕ್ಕೆ ಶಿಖರವೂ ಉರುಳಿತು. ಎಂಟುನೂರು ವರ್ಷ ನಿಂತ ಕಲ್ಲುಗಳು ಯಾರು ಯಾರದೋ ಕಟ್ಟೆ ಸೇರಿದವು, ಒಂದೆರಡು ಅಧ್ಯಕ್ಷರ ಮನೆ ಮುಂದೆ ಬಟ್ಟೆ ಒಗೆಯಲು ಬಿದ್ದವು. ಅಧ್ಯಕ್ಷರನ್ನು ಯಾರೂ ಕೇಳಲಿಲ್ಲ. ಮುಂದೆ ಅವರಿಗೆ ಶಾಲು ಹೊದಿಸಿ ಸತ್ಕಾರವನ್ನೂ ಮಾಡಿದರು. ನೆನೆದರೆ ಇಂದಿಗೂ ಮೈ ಉರಿಯುತ್ತದೆ. ಆದರೆ ಕೇಳುವ ಬಾಯಿಯನ್ನು ನಾನೇ ಕಳೆದುಕೊಂಡಿದ್ದೆ.

ಶಿಖರ ಬಿದ್ದ ಮೇಲೆ ಮಾಸ್ತರರು ಒಮ್ಮೆ ಛಾಪಖಾನೆಗೆ ಬಂದರು. ಕರಪತ್ರದ ಬಿಳಿ ಜಾಗದ ಮೇಲೆ ಹಳದಿ ಉಗುರು ಇಟ್ಟರು. "ಕೈ ಚಲೋ ಕುಂತೈತಿ ನಿಂದು. ಒಂದ ಎಲಿ ಸೈತ ಬಿಟ್ಟಿಲ್ಲ" ಎಂದು ಹೊರಟುಹೋದರು.

ಅವರು ತೀರಿಕೊಂಡು ಬಹಳ ವರ್ಷಗಳಾದವು. ಅವರು ಹಿಡಿಯಲು ಕಲಿಸಿದ ಆ ಉಳಿಯಿಂದಲೇ ನಾನು ಜೀವಮಾನವಿಡೀ ಹೊಟ್ಟೆ ಹೊರೆದೆ.